ಕಪ್ಪು ಎರಡರಿಂದ ಬಿಳಿ ಒಂದಕ್ಕೆ: ಒಬ್ಬ ಹಾಡುಗಾರನ ಗಂಟಲಿನ ಪ್ರಕರಣ

ನಮ್ಮ ಬ್ಯಾಂಡಿನ ಹಾಡುಗಾರ ಹದಿನಾಲ್ಕು ತಿಂಗಳು ವೇದಿಕೆ ಹತ್ತಲಿಲ್ಲ. ಕಾಯಿಲೆ ಅವನ ಗಂಟಲಿನದು. ಅದನ್ನು ತಂದವರಲ್ಲಿ ನಾವೂ ಇದ್ದೆವು. ಇದನ್ನು ಪೂರ್ತಿ ಬರೆದಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಈಗ ಊರೂರಲ್ಲಿ ಹುಡುಗರು ಹುಡುಗಿಯರು ಗಿಟಾರ್ ಹಿಡಿದು ಕನ್ನಡದ ಬ್ಯಾಂಡ್ ಕಟ್ಟುತ್ತಿದ್ದಾರೆ, ಶಿವಮೊಗ್ಗದಲ್ಲೇ ನನಗೆ ಗೊತ್ತಿರುವ ಮೂರ್ನಾಲ್ಕು ತಂಡಗಳಿವೆ, ಅವರಿಗಾದರೂ ಉಪಯೋಗಕ್ಕೆ ಬರಲಿ. ಹೆಸರು ಬೇಡ ಅಂತ ಅವನು ಹೇಳಿದ್ದಾನೆ. ಬರೆದದ್ದನ್ನು ಮೊದಲು ಅವನಿಗೇ ಓದಲು ಕೊಟ್ಟೆ. ಎರಡು ಕಡೆ ತಿದ್ದಿದ. ಇನ್ನೊಂದು ಕಡೆ "ನೀನು ನಿನ್ನ ಮೇಲೆ ಜಾಸ್ತಿ ಹಾಕಿಕೊಂಡಿದೀಯ" ಅಂತ ಪೆನ್ಸಿಲಿನಲ್ಲಿ ಬರೆದಿದ್ದ. ಅಲ್ಲಿ ಮಾತ್ರ ನಾನು ಏನೂ ಬದಲಿಸಲಿಲ್ಲ.

ನಾನು ಡ್ರಮ್ಸ್ ಬಾರಿಸುವವನು. ಕಾರ್ಯಕ್ರಮ ಒಪ್ಪಿಕೊಳ್ಳುವುದು, ದುಡ್ಡಿನ ಮಾತಾಡುವುದು, ಗಾಡಿ ಗೊತ್ತು ಮಾಡುವುದು ಎಲ್ಲ ನನ್ನದೇ.

ಆ ರಾತ್ರಿ

2022ರ ಡಿಸೆಂಬರ್ ಕೊನೆಯ ವಾರ. ಸಾಗರ ತಾಲೂಕಿನ ಒಂದು ಹಳ್ಳಿ ಶಾಲೆಯ ಶತಮಾನೋತ್ಸವ. ಮಂಜು ಆಗಲೇ ಇಳಿಯುತ್ತಿತ್ತು. ಭಾಷಣ, ಸನ್ಮಾನ ಎಲ್ಲ ಮುಗಿದು ನಮಗೆ ವೇದಿಕೆ ಸಿಕ್ಕಿದ್ದು ಎಂಟೂ ಮುಕ್ಕಾಲಿಗೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ, ಪೊಲೀಸರು ಪಕ್ಕದಲ್ಲೇ ನಿಂತಿದ್ದರು. ಒಂದೂಕಾಲು ಗಂಟೆಯಲ್ಲಿ 13 ಹಾಡು. ನಡುವೆ ಬಿಡುವಿಲ್ಲ. ಸಿಕ್ಕ ಅರ್ಧ ನಿಮಿಷ, ಒಂದು ನಿಮಿಷದಲ್ಲೂ ಅವನೇ ಜನರ ಜೊತೆ ಮಾತಾಡಬೇಕು, ಶಾಲೆ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳಬೇಕು.

ಹನ್ನೊಂದನೆಯದು ಅಲ್ಲಮನ ವಚನ. ಕೊನೆಯ ಸಾಲಿನಲ್ಲಿ ತಾರ ಷಡ್ಜದಿಂದ (ಮೇಲಿನ ‘ಸ’) ಪಂಚಮಕ್ಕೆ (ಅದಕ್ಕೂ ಮೇಲಿನ ‘ಪ’) ಏರಿ ಅಲ್ಲೇ ನಾಲ್ಕು ಸೆಕೆಂಡು ನಿಲ್ಲಬೇಕು. ನಾನು ಹಿಂದೆ ಕೂತವನು, ನನಗೆ ಕಾಣುವುದು ಅವನ ಬೆನ್ನು. ಏರುವ ಮೊದಲು ಅವನ ಎಡಗೈ ಮೈಕ್ ಸ್ಟ್ಯಾಂಡನ್ನು ಬಿಗಿಯಾಗಿ ಹಿಡಿಯುತ್ತದೆ, ಹೆಗಲು ಎರಡೂ ಕಿವಿಯ ಹತ್ತಿರ ಬರುತ್ತವೆ. ಅವತ್ತೂ ಬಂದವು. ಸ್ವರ ಬರಲಿಲ್ಲ. ಗಾಳಿ ಬಂತು. ಮೈಕ್ ಕೈಕೊಟ್ಟಿತು ಅಂದುಕೊಂಡು ಸೌಂಡಿನ ಹುಡುಗ ಅವನ ಮೈಕಿನ ವಾಲ್ಯೂಮ್ ಏರಿಸಿದ. ಆಗ ಮೈದಾನದ ತುಂಬ ಅವನ ಉಸಿರು ಕೇಳಿಸಿತು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳಿಂದ ಬರೀ ಒಬ್ಬ ಮನುಷ್ಯನ ಉಸಿರು.

ಅವನು ತಿರುಗಿ ನನ್ನನ್ನು ನೋಡಿದ. ನಾನು ಬಾರಿಸುತ್ತಲೇ ಇದ್ದೆ. ಖಾಲಿ ಜಾಗ ಮುಚ್ಚಿಹೋಗಲಿ ಅಂತ ಇನ್ನೂ ಜೋರಾಗಿ ಬಾರಿಸಿದೆ. ಕೀಬೋರ್ಡ್ ನುಡಿಸುವ ಹುಡುಗಿ ಆ ಸಾಲನ್ನು ಎತ್ತಿಕೊಂಡು ಮುಗಿಸಿದಳು. ಉಳಿದೆರಡನ್ನು ಬರೀ ವಾದ್ಯದಲ್ಲಿ ಮುಗಿಸಿ ಇಳಿದೆವು.

ಅವನು ಬಂದ ದಾರಿ

ತೀರ್ಥಹಳ್ಳಿ ತಾಲೂಕಿನ ಅಡಿಕೆ ಮನೆಯ ಹುಡುಗ. ತೋಟ ಎರಡೂವರೆ ಎಕರೆ. ದೊಡ್ಡಪ್ಪ ಹವ್ಯಾಸಿ ಯಕ್ಷಗಾನದಲ್ಲಿ ಮದ್ದಳೆ ಬಾರಿಸುತ್ತಿದ್ದವರು, ಹಾಗಾಗಿ ಚಿಕ್ಕಂದಿನಿಂದ ಚಂಡೆ ಮದ್ದಳೆ ಕಿವಿಗೆ ಬಿದ್ದಿದೆ. ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕಗಳು ಊರ ಕಡೆ ಬಂದಾಗ ನಾಟಕಕ್ಕಿಂತ ಹಾಡಿಗೆ ಕೂತವನು. ಪದವಿಗೆ ಶಿವಮೊಗ್ಗಕ್ಕೆ ಬಂದ. ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿದ್ದನ್ನು ಕೇಳಿಕೊಂಡು ಬೆಳೆದ ಪೀಳಿಗೆ ನಮ್ಮದು. ಅದು ನಮ್ಮಿಂದಲೂ ಆಗುತ್ತೆ ಅಂತ ಅನ್ನಿಸಿದ್ದೇ ಆ ಹಾಡುಗಳಿಂದ. 2016ರಲ್ಲಿ ವಿನೋಬನಗರದ ಒಂದು ಬಾಡಿಗೆ ಕೋಣೆಯಲ್ಲಿ ಐದು ಜನ ಸೇರಿದೆವು.

ಮೊದಲು ಕುವೆಂಪು ಅವರ ಕವನವೊಂದಕ್ಕೆ ರಾಗ ಹಾಕಿದೆವು. ಅವನ ಊರಿನಿಂದ ಕುಪ್ಪಳಿ ಹತ್ತಿರ, ಅವನಿಗೆ ಅದರ ಮೇಲೆ ಪ್ರಾಣ. ರೆಕಾರ್ಡ್ ಮಾಡಲು ಹೊರಟಾಗ ಹಕ್ಕಿನ ಪ್ರಶ್ನೆ ಬಂತು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೆ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಇನ್ನೂ ಎಷ್ಟೋ ಭಾವಗೀತೆಗಳಲ್ಲಿ ಸಾಹಿತ್ಯದ ಹಕ್ಕು ಬೇರೆ, ರಾಗ ಹಾಕಿದವರ ಹಕ್ಕು ಬೇರೆ. ಹೊಸ ತಂಡಗಳು ಇದನ್ನು ಮೊದಲೇ ತಿಳಿದುಕೊಳ್ಳಿ, ಸ್ಟುಡಿಯೋಗೆ ದುಡ್ಡು ಸುರಿದ ಮೇಲಲ್ಲ.

ಆಗ ಅವನೇ ವಚನದ ಕಡೆ ತಿರುಗಿದ. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಎರಡೂ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿವೆ. ಹನ್ನೆರಡನೇ ಶತಮಾನದ ಮಾತಿಗೆ ಯಾರ ಅನುಮತಿಯೂ ಬೇಡ, ರಾಗ ನಮ್ಮದೇ. ಆದರೆ ಅವನು ವಚನ ಹಿಡಿದದ್ದು ಸುಲಭಕ್ಕಲ್ಲ. ಒಂದು ವಚನಕ್ಕೆ ರಾಗ ಹಾಕಲು ಎರಡು ತಿಂಗಳು ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಬಸ್ಸಿನಲ್ಲಿ, ತೋಟದಲ್ಲಿ, ಸಾಲುಗಳನ್ನು ಸುಮ್ನೆ ಮಾತಿನ ಹಾಗೆ ಹೇಳಿಕೊಳ್ಳುತ್ತಿದ್ದ, ಎಲ್ಲಿ ಉಸಿರು ತಾನಾಗಿ ನಿಲ್ಲುತ್ತೋ ಅಲ್ಲಿಂದ ರಾಗ ಶುರು ಮಾಡುತ್ತಿದ್ದ. ಅಷ್ಟು ನಿಧಾನವಾಗಿ, ಅಷ್ಟು ಪ್ರೀತಿಯಿಂದ ಕೆಲಸ ಮಾಡುವವನನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ.

ಬೆಂಗಳೂರಿಗೆ ಹೋಗು ಅಂತ ಎಲ್ಲರೂ ಹೇಳಿದರು. ಹೋಗಲಿಲ್ಲ. ಹಾಡುವುದಕ್ಕಾಗಿ ಊರು, ಕೆಲಸ ಬಿಡಬೇಕಾಗಿಲ್ಲ ಅನ್ನಲು ಅವನಿಗೆ ಕಣ್ಣ ಮುಂದೆ ಒಂದು ಉದಾಹರಣೆ ಇತ್ತು. ಶಿವಮೊಗ್ಗ ಸುಬ್ಬಣ್ಣ ಅವರು ಹೊಸನಗರ ತಾಲೂಕಿನ ನಗರದವರು, ವೃತ್ತಿಯಿಂದ ವಕೀಲರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. 2022ರ ಆಗಸ್ಟ್ 11ರಂದು ಅವರು ತೀರಿಕೊಂಡಾಗ ಇವನು ರಿಹರ್ಸಲ್ ನಿಲ್ಲಿಸಿ ಹೊರಗೆ ಹೋಗಿ ನಿಂತಿದ್ದ. ತುಂಬ ಹೊತ್ತು ಒಳಗೆ ಬರಲಿಲ್ಲ.

ಗಂಟಲಿನ ಮೇಲೆ ಏನೇನು ಬಿತ್ತು

2020, 2021ರಲ್ಲಿ ಕೊರೋನಾದಿಂದ ಕಾರ್ಯಕ್ರಮಗಳೇ ಇರಲಿಲ್ಲ ಅಲ್ವಾ. ಹೆಚ್ಚು ಕಡಿಮೆ ಎರಡು ವರ್ಷ ಅವನ ಗಂಟಲಿಗೆ ವೇದಿಕೆಯ ಅಭ್ಯಾಸ ತಪ್ಪಿತ್ತು. 2022ರಲ್ಲಿ ಎಲ್ಲ ಒಟ್ಟಿಗೆ ತೆರೆದುಕೊಂಡಿತು. ರಾಜ್ಯೋತ್ಸವ, ಕಾಲೇಜು, ಶಾಲೆ ವಾರ್ಷಿಕೋತ್ಸವ. ಯಾರು ಕೇಳಿದರೂ ನಾನು ಹೂಂ ಅಂದೆ. ನವೆಂಬರ್ ಒಂದರಿಂದ ಆ ರಾತ್ರಿಯ ತನಕ 17 ಕಾರ್ಯಕ್ರಮ. ನನ್ನ ಡೈರಿಯಲ್ಲಿ ಆ ಪುಟಗಳು ತುಂಬಿರುವುದನ್ನು ನೋಡಿ ಆಗ ಖುಷಿಪಟ್ಟಿದ್ದೆ.

ಅದೇ ತಿಂಗಳುಗಳಲ್ಲೇ ಮಲೆನಾಡಿನಲ್ಲಿ ಅಡಿಕೆ ಕೊಯ್ಲು. ಕೊನೆ ಇಳಿಸಬೇಕು, ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಅಂಗಳದಲ್ಲಿ ಹರಡಬೇಕು. ಆ ವರ್ಷ ನಮ್ಮ ಕಡೆ ಎಲೆಚುಕ್ಕಿ ರೋಗ ಜೋರಾಗಿತ್ತು. ಅವನ ತೋಟದಲ್ಲೂ ಫಸಲು ಕೈಕೊಟ್ಟಿತ್ತು. ಆಳಿನ ಖರ್ಚು ಉಳಿಸಲು ಅವನೇ ರಾತ್ರಿ ಸುಲಿಯಲು ಕೂರುತ್ತಿದ್ದ, ಬೇಯಿಸುವ ಒಲೆಯ ಮುಂದೆ ಹೊಗೆ ಕುಡಿಯುತ್ತಿದ್ದ. ಅಡಿಕೆ ಕಡಿಮೆಯಾದಷ್ಟೂ ಬ್ಯಾಂಡಿನ ದುಡ್ಡು ಬೇಕಾಯಿತು. ಅದು ಬೇಕಾದಷ್ಟೂ ಅವನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಗಂಟಲು ಕಟ್ಟಿದೆ ಅಂತ ನವೆಂಬರ್ ಮಧ್ಯದಲ್ಲೇ ಒಂದು ಸಲ ಹೇಳಿದ್ದ. "ಬಿಸಿ ನೀರು ಕುಡಿ ಮಾರಾಯ, ಸರಿ ಹೋಗುತ್ತೆ" ಅಂದಿದ್ದೆ.

ಇನ್ನು ನಮ್ಮ ಸದ್ದು. ಚಿಕ್ಕ ಊರಿನ ವೇದಿಕೆಗಳಲ್ಲಿ ಹಾಡುವವನಿಗೆ ತನ್ನ ಧ್ವನಿ ತನಗೆ ಕೇಳಿಸುವ ಮಾನಿಟರ್ ಸ್ಪೀಕರ್ ಇರುವುದೇ ಅಪರೂಪ. ಇದ್ದರೂ ಒಂದು, ಅದೂ ಮೂಲೆಯಲ್ಲಿ. ಸುತ್ತ ಸದ್ದು ಜಾಸ್ತಿಯಾದರೆ ಮನುಷ್ಯ ತನಗೇ ಗೊತ್ತಿಲ್ಲದೆ ಧ್ವನಿ ಏರಿಸುತ್ತಾನೆ. ಫ್ರಾನ್ಸಿನ ಲೊಂಬಾರ್ಡ್ ಅನ್ನೋ ವೈದ್ಯ ಇದನ್ನು 1911ರಲ್ಲೇ ಬರೆದಿಟ್ಟಿದ್ದಾನೆ, ಇವತ್ತಿಗೂ ಅದಕ್ಕೆ ಅವನದೇ ಹೆಸರು. ನಮ್ಮ ಹಾಡುಗಾರನ ಬೆನ್ನ ಹಿಂದೆ ನಾಲ್ಕಡಿ ದೂರದಲ್ಲಿ ಕೂತು ನಾನು ಆರು ವರ್ಷ ಅವನ ಧ್ವನಿ ಏರಿಸುತ್ತಲೇ ಬಂದಿದ್ದೆ.

ಶ್ರುತಿಯದು ಎಲ್ಲಕ್ಕಿಂತ ಹಳೇ ತಪ್ಪು. 2016ರಲ್ಲಿ ಆ ಕೋಣೆಯಲ್ಲಿ, ಡ್ರಮ್ಸ್ ಇಲ್ಲದೆ, ನೆಲದ ಮೇಲೆ ಕೂತು ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುಗಳನ್ನು ಕಟ್ಟಿದೆವು. ಗಿಟಾರ್ ಹುಡುಗ ತಂತಿಗಳನ್ನು ಒಂದು ಮನೆ ಇಳಿಸಿಟ್ಟುಕೊಂಡಿದ್ದ, ಕಪ್ಪು ಎರಡಾದರೆ ಅವನ ಬೆರಳಿಗೆ ಸಲೀಸು. ಅವನಿಗೆ ಸಲೀಸು ಅಂತ ಎಲ್ಲರಿಗೂ ಅದೇ ಆಯಿತು. ಹಾಡುಗಾರ ಆಗ 22 ವರ್ಷದವನು, ಏನು ಕೊಟ್ಟರೂ ಹಾಡುತ್ತಿದ್ದ. ಕಪ್ಪು ಎರಡರ ಷಡ್ಜದಿಂದ ತಾರ ಪಂಚಮ ಅಂದರೆ ಧ್ವನಿ ತಂತುಗಳು ಸೆಕೆಂಡಿಗೆ ಸುಮಾರು 466 ಸಲ ಒಂದಕ್ಕೊಂದು ಬಡಿಯಬೇಕು. ಗಂಡಸು ಮಾತಾಡುವಾಗ ಅದು ನೂರು ನೂರಿಪ್ಪತ್ತರ ಆಸುಪಾಸು. ಗಂಡಸಿನ ಧ್ವನಿ ತಂತುಗಳ ಉದ್ದ ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್. ಅಷ್ಟು ಚಿಕ್ಕ ಜಾಗದಲ್ಲಿ ನಾಲ್ಕು ಸೆಕೆಂಡಿಗೆ 1,800ಕ್ಕೂ ಹೆಚ್ಚು ಪೆಟ್ಟು, ಅದೂ ಬರೀ ಒಂದು ಸ್ವರಕ್ಕೆ.

ಮೊದಲ ಡಾಕ್ಟರು, ಎರಡನೇ ಡಾಕ್ಟರು

ಜನವರಿಯಲ್ಲಿ ತೋರಿಸಿದ ಮೊದಲ ಕಡೆ ಶೀತ ಅಂದರು. ಮಾತ್ರೆ ಕೊಟ್ಟರು. ಮಾತಾಡಬೇಡ ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಅವನು ಮಾತಾಡುತ್ತಲೇ ಇದ್ದ. ಆಡುತ್ತಿದ್ದದ್ದು ಪಿಸುಮಾತು. ಪಿಸುಮಾತಾದರೆ ಗಂಟಲಿಗೆ ಆರಾಮ ಅಂತ ನಾವೆಲ್ಲ ನಂಬಿದ್ದೆವು. ಗಂಟಲು ಬಿದ್ದಾಗ ಒತ್ತಿ ಒತ್ತಿ ಪಿಸುಗುಟ್ಟಿದರೆ ಅದೂ ಒಂದು ಹೊರೆಯೇ. ಪದೇ ಪದೇ ಕ್ಯಾಕರಿಸುವುದು ಅದಕ್ಕಿಂತ ಕೆಟ್ಟದ್ದು, ಪ್ರತಿ ಸಲವೂ ತಂತುಗಳನ್ನು ಒಂದಕ್ಕೊಂದು ಉಜ್ಜಿದ ಹಾಗೆ. ಮನೆಯಲ್ಲಿ ಅಮ್ಮ ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ, ಕಲ್ಲುಸಕ್ಕರೆ ಎಲ್ಲ ಕೊಟ್ಟರು. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿ ತಂತು ಇರುವುದು ಶ್ವಾಸನಾಳದ ಬಾಯಲ್ಲಿ. ಕಷಾಯ ತಂತುಗಳನ್ನು ಮುಟ್ಟುವುದೇ ಇಲ್ಲ. ಇದು ಎರಡನೇ ಡಾಕ್ಟರು ಚಿತ್ರ ಬರೆದು ತೋರಿಸಿದ ಮೇಲೆ ಗೊತ್ತಾದದ್ದು.

ಅವರು ಸ್ಟ್ರೋಬೋಸ್ಕೋಪಿ ಮಾಡಿದರು. ಬೆಳಕನ್ನು ಮಿಣುಕಿಸುತ್ತಾ ಚಿತ್ರ ತೆಗೆದರೆ ಅಷ್ಟು ವೇಗದ ಕಂಪನವೂ ನಿಧಾನವಾಗಿ ಕಾಣುತ್ತದೆ. ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಎರಡು ಬಿಳಿ ಅಂಚುಗಳು, ಎರಡರ ಮೇಲೂ ಎದುರುಬದುರಾಗಿ ಅಕ್ಕಿನುಚ್ಚಿನಷ್ಟು ಉಬ್ಬು. ಉಬ್ಬುಗಳು ಮೊದಲು ತಾಗುತ್ತಿದ್ದವು, ಅದರ ಮುಂದೆ ಹಿಂದೆ ಸಂದು ಬಿಡುತ್ತಿತ್ತು, ಆ ಸಂದಿನಿಂದ ಗಾಳಿ ಸೋರುತ್ತಿತ್ತು. ಸಾಗರದ ಮೈದಾನದಲ್ಲಿ ಕೇಳಿಸಿದ್ದು ಅದೇ ಗಾಳಿ.

ಗಂಟು ಅಂದ ಕೂಡಲೇ ಅವನ ಮುಖ ಬಿಳುಚಿಕೊಂಡಿತು. ಇಂಗ್ಲೆಂಡಿನ ಹಾಡುಗಾರ್ತಿ ಜೂಲಿ ಆಂಡ್ರ್ಯೂಸ್ 1997ರಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಹಾಡುವ ಧ್ವನಿ ಕಳೆದುಕೊಂಡದ್ದನ್ನು ಅವನು ಎಲ್ಲೋ ಓದಿದ್ದ. ಡಾಕ್ಟರು ಸಮಾಧಾನವಾಗಿ ಹೇಳಿದರು: ಈ ಥರದ ಗಂಟಿಗೆ ಮೊದಲ ಮದ್ದು ಕತ್ತರಿ ಅಲ್ಲ. ಧ್ವನಿ ಬಳಸುವ ರೀತಿ ಬದಲಾದರೆ ಹೆಚ್ಚಿನವು ತಾವಾಗಿ ಕರಗುತ್ತವೆ, ಬದಲಾಗದಿದ್ದರೆ ಕತ್ತರಿಸಿದರೂ ಮತ್ತೆ ಬರುತ್ತವೆ. ಹಾಡುಗಾರರು, ಮೇಷ್ಟ್ರುಗಳು ಗಂಟಲು ಒಂದು ತಿಂಗಳು ಸರಿಹೋಗದಿದ್ದರೆ ತಂತುಗಳನ್ನು ನೋಡಿಯೇ ಹೇಳುವವರ ಹತ್ತಿರ ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ, ಅದನ್ನು ಕಿವುಡು ಮೂಗುತನಕ್ಕೆ ಮಾತ್ರ ಅಂದುಕೊಳ್ಳಬೇಡಿ.

ಮೊದಲು ಒಂದು ವಾರ ಪೂರ್ತಿ ಮೌನ. ಕೈಯಲ್ಲಿ ಸ್ಲೇಟು. ಆಮೇಲೆ ಧ್ವನಿ ಚಿಕಿತ್ಸೆ. ಚಿಕಿತ್ಸೆ ಕೊಡುವ ಮೇಡಂ ಹಾಡಿನ ಬಗ್ಗೆ ಮೊದಲು ಕೇಳಲೇ ಇಲ್ಲ. ದಿನಕ್ಕೆ ಎಷ್ಟು ಹೊತ್ತು, ಯಾರ ಜೊತೆ, ಎಷ್ಟು ದೂರದಿಂದ ಮಾತಾಡುತ್ತಿದ್ದೆ, ನೆನಪಿಸಿಕೊಂಡು ಬರೆದು ತಾ ಅಂದರು. ಬರೆದ. ಹಾಡುವುದು ಕಾರ್ಯಕ್ರಮದ ದಿನ ಒಂದೂವರೆ ಗಂಟೆ. ಮಾತು ಆರು ಗಂಟೆಗೂ ಜಾಸ್ತಿ. ಗಾಡಿಯಲ್ಲಿ ಇಂಜಿನ್ ಸದ್ದಿನ ಮೇಲೆ ಫೋನು. ಕಾರ್ಯಕ್ರಮ ಮುಗಿದ ಮೇಲೆ ಅಭಿಮಾನಿಗಳ ಜೊತೆ ಜನರೇಟರ್ ಪಕ್ಕ ಮಾತು. ರಾತ್ರಿ ಹನ್ನೊಂದೂವರೆಗೆ ಖಾರದ ಊಟ ಮಾಡಿ ಗಾಡಿಯಲ್ಲೇ ಮಲಗುವುದು, ಅದರಿಂದ ಹೊಟ್ಟೆಯ ಹುಳಿ ಮೇಲೆ ಬಂದು ತಂತುಗಳನ್ನು ಸುಡುವುದು.

ಆಮೇಲೆ ಕೂ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ತೋಟದ ಈ ತುದಿಯಿಂದ ಆ ತುದಿಗೆ ಆಳುಗಳನ್ನು ಚಾಗೆ ಕರೆಯಬೇಕಾದರೆ ಕೂ ಹಾಕುತ್ತೇವೆ. ಇವನು ದಿನಕ್ಕೆ ಹತ್ತು ಹನ್ನೆರಡು ಸಲ ಹಾಕುತ್ತಿದ್ದ. ಮೇಡಂ ಒಂದು ಹಾಕಿ ತೋರಿಸು ಅಂದರಂತೆ, ಅವನು ಬಾಯಿ ತೆರೆಯುವಷ್ಟರಲ್ಲಿ "ಬೇಡ ಬೇಡ, ಗೊತ್ತಾಯ್ತು" ಅಂತ ನಿಲ್ಲಿಸಿದರಂತೆ. ಅವತ್ತಿನಿಂದ ಅವನ ಅಪ್ಪಯ್ಯ ಅಂಗಳದಲ್ಲಿ ಸ್ಟೀಲ್ ಬಟ್ಟಲು ತೂಗುಹಾಕಿ ಸೌಟಿನಿಂದ ಬಡಿಯುತ್ತಾರೆ. ಈಗಲೂ ಅದು ಅಲ್ಲೇ ಇದೆ.

ಅಭ್ಯಾಸ ನೋಡಲು ಮಕ್ಕಳಾಟದ ಹಾಗಿತ್ತು. ತುಟಿ ಸಡಿಲ ಬಿಟ್ಟು ಬುರ್ ಅಂತ ಸ್ವರ ಏರಿಸಿ ಇಳಿಸುವುದು. ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ ಗುಳ್ಳೆ ಬಿಡುತ್ತಾ ಅದರೊಳಗೆ ಹಮ್ಮಿಂಗ್ ಮಾಡುವುದು. ಬಾಯಿ ಹತ್ತಿರ ತಡೆ ಇದ್ದರೆ ಗಾಳಿ ಹಿಂದಕ್ಕೆ ಒತ್ತುತ್ತದೆ, ತಂತುಗಳು ಜಜ್ಜಿಕೊಳ್ಳದೆ ಮೆತ್ತಗೆ ಕಂಪಿಸುತ್ತವೆ. ದಿನಕ್ಕೆ ಆರು ಸಲ, ಒಂದೊಂದು ಸಲ ಐದು ನಿಮಿಷ. ಮಾರ್ಚಿನಲ್ಲಿ ನಾನು ಅವನ ಮನೆಗೆ ಹೋದಾಗ ಸ್ಟ್ರಾ ಮುಗಿದಿತ್ತು. ಹಿತ್ತಲಿನಿಂದ ಪಪ್ಪಾಯಿ ಎಲೆಯ ದಂಟು ಕಿತ್ತು ತಂದು ಎರಡೂ ತುದಿ ಕೊಯ್ದು ತಂಬಿಗೆಯಲ್ಲಿ ಅದ್ದಿ ಊದುತ್ತಾ ಕೂತಿದ್ದ. ನಾನು ಎದುರಿಗೆ ಕೂತೆ. ಮಾತಿಲ್ಲ. ಬರೀ ಗುಳ್ಳೆಯ ಸದ್ದು, ಅದರ ಒಳಗೆ ಸಣ್ಣಗೆ ಷಡ್ಜ. ಸ್ವಲ್ಪ ಹೊತ್ತಾದ ಮೇಲೆ ಆ ಷಡ್ಜ ಒಡೆಯದೆ ನಿಂತಿತು. ಅವನು ಕಣ್ಣೆತ್ತಿ ನನ್ನನ್ನು ನೋಡಿದ, ಊದುವುದು ಬಿಡಲಿಲ್ಲ.

ದುಡ್ಡಿನ ಮಾತು

ಇದನ್ನು ಬರೆಯಲು ಮುಜುಗರ ಇದೆ, ಆದರೂ ಬರೆಯಬೇಕು. ನಮಗೆ ಒಂದು ಕಾರ್ಯಕ್ರಮಕ್ಕೆ ಐವತ್ತು ಸಾವಿರದ ಆಸುಪಾಸು ಸಿಗುತ್ತಿತ್ತು. ಗಾಡಿ, ಊಟ, ವಾದ್ಯದ ರಿಪೇರಿ ಕಳೆದು ಒಬ್ಬೊಬ್ಬರಿಗೆ ಏಳೆಂಟು ಸಾವಿರ. ರೆಕಾರ್ಡ್ ಮಾಡಿದ ಹಾಡುಗಳಿಂದ ಮನೆ ನಡೆಯುವುದಿಲ್ಲ. ಸ್ಪಾಟಿಫೈ 2024ರಿಂದ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ ದುಡ್ಡನ್ನೇ ಕೊಡುವುದಿಲ್ಲ. ನಮ್ಮ ಒಂಬತ್ತು ಹಾಡುಗಳಲ್ಲಿ ನಾಲ್ಕು ಆ ಗೆರೆ ದಾಟಲಿಲ್ಲ.

ಅವನಿಲ್ಲದ ತಿಂಗಳುಗಳಲ್ಲಿ ಕೀಬೋರ್ಡಿನ ಹುಡುಗಿ ಹಾಡುತ್ತಾ ಚಿಕ್ಕಪುಟ್ಟ ಕಾರ್ಯಕ್ರಮ ಮಾಡಿದೆವು, ಒಂದೆರಡು ನಾಟಕಕ್ಕೆ ಸಂಗೀತ ಕೊಟ್ಟೆವು. ಬಂದದ್ದರಲ್ಲಿ ಅವನ ಪಾಲು ಎತ್ತಿಡೋಣ ಅಂತ ನಾನು ಹೇಳಿದೆ. ಗಿಟಾರ್ ಹುಡುಗ ಒಪ್ಪಲಿಲ್ಲ. "ಹಾಡದವನಿಗೆ ಪಾಲು ಯಾಕೆ? ನನ್ನ ಕೈ ಮುರಿದರೆ ಕೊಡ್ತಿದ್ರಾ?" ಅಂತ ಕೇಳಿದ. ಅವನು ಕೆಟ್ಟವನಲ್ಲ. ಮನೆಸಾಲದ ಕಂತು ಕಟ್ಟುತ್ತಿದ್ದ, ಹೆಂಡತಿ ಬಸುರಿ. ಆದರೆ ಅವನ ಪ್ರಶ್ನೆಗೆ ಉತ್ತರ ಹೌದು, ಕೊಡಬೇಕಿತ್ತು, ಯಾರ ಕೈ ಮುರಿದರೂ ಕೊಡಬೇಕು. ಅದನ್ನು ಶುರುವಿನಲ್ಲೇ ಕಾಗದದ ಮೇಲೆ ಬರೆದುಕೊಂಡಿದ್ದರೆ ಆ ಜಗಳ ಆಗುತ್ತಿರಲಿಲ್ಲ. ಅವನು ಜೂನ್‌ನಲ್ಲಿ ಬೆಂಗಳೂರಿಗೆ ಹೋದ. ಈಗಲೂ ಫೋನ್ ಮಾಡುತ್ತಾನೆ.

ಪಾಲು ಕೊಡಲು ಹೋದಾಗ ಹಾಡುಗಾರ ಸ್ಲೇಟಿನಲ್ಲಿ ಬರೆದ: "ಪಾಲು ಬೇಡ. ಸಾಲ ಅಂತ ಬರ್ಕೊ." ಹಾಗೇ ಬರೆದುಕೊಂಡೆ. ಅವನು ಮತ್ತೆ ಹಾಡಲು ಬಂದ ತಿಂಗಳು ಆ ಪುಟದ ಮೇಲೆ ಗೀಟು ಹಾಕಿದೆವು, ನಾಲ್ಕು ಜನರ ಸಹಿ ಹಾಕಿ.

ಈಗ ನಮ್ಮ ರಾಗಗಳೆಲ್ಲ ಕಟ್ಟಿದ ಐದೂ ಜನರ ಹೆಸರಲ್ಲಿವೆ, ಬಿಟ್ಟು ಹೋದವನ ಹೆಸರೂ ಸೇರಿ. 2012ರ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿಯಲ್ಲಿ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಹಕ್ಕು ಗಟ್ಟಿಯಾಯಿತು. ಅದು ಸಿಗಬೇಕಾದರೆ ಯಾರು ರಾಗ ಹಾಕಿದವರು ಅನ್ನೋದು ಮೊದಲು ಬರೆದಿರಬೇಕು.

ದೊಡ್ಡಪ್ಪ ಕೇಳಿದ್ದು

2023ರ ಮಳೆಗಾಲದ ಹೊತ್ತಿಗೆ ಮಾತು ತಿಳಿಯಾಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಸ್ಟ್ರೋಬೋಸ್ಕೋಪಿ, ಬಲಗಡೆ ಉಬ್ಬು ಕಾಣಲಿಲ್ಲ, ಎಡಗಡೆ ಚೂರು ಉಳಿದಿತ್ತು. ಹಾಡಬಹುದು, ಆದರೆ ಮೊದಲಿನ ಹಾಗಲ್ಲ ಅಂದರು. ಮೊದಲಿನ ಹಾಗಲ್ಲ ಅಂದರೆ ಹೇಗೆ ಅಂತ ನಮಗೆ ಹೊಳೆಯಲಿಲ್ಲ. ಹಾಡುಗಳನ್ನು ಕಡಿಮೆ ಮಾಡೋಣ ಅಂತ ನಾನು, ಬೇರೆ ಹಾಡುಗಾರನನ್ನು ಹುಡುಕಿ ಅಂತ ಅವನು. ಈ ಮಾತು ಅವರ ಮನೆ ಜಗಲಿಯಲ್ಲಿ ನಡೆಯುತ್ತಿತ್ತು. ದೊಡ್ಡಪ್ಪ ಎಲೆಯಡಿಕೆ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಕೇಳಿದರು:

"ಅಲ್ಲನಾ, ಮೇಳದಲ್ಲಿ ಒಬ್ಬನೇ ಭಾಗವತ ಬೆಳಗಿನ ತನಕ ಹಾಡ್ತಾನ?"

ಹಾಡುವುದಿಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟದಲ್ಲಿ ಮೊದಲು ಸಂಗೀತಗಾರ ಅಂತ ಕರೆಯುವ ಸಹಭಾಗವತ ಹಾಡುತ್ತಾನೆ, ಪ್ರಧಾನ ಭಾಗವತ ಪದ್ಯಕ್ಕೆ ಕೂರುವುದು ಆಮೇಲೆ. ಆಟಕ್ಕೆ ಹೋದವರೆಲ್ಲ ಇದನ್ನು ನೋಡಿದ್ದೇವೆ. ಮುಖ್ಯ ಹಾಡುಗಾರ ಅಂದರೆ ಮೊದಲಿನಿಂದ ಕೊನೆಯ ತನಕ ಒಬ್ಬನೇ ಅನ್ನೋದನ್ನು ನಾವು ಎಲ್ಲಿಂದ ಕಲಿತೆವೋ. ನಮ್ಮ ಜಗಲಿಯಲ್ಲೇ ಇದ್ದ ದಾರಿ ಏಳು ವರ್ಷ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಕೆಲಸ ಬೇಗ ಬೇಗ ನಡೆಯಿತು. ಮೊದಲ ಐದು ಹಾಡು ಕೀಬೋರ್ಡಿನ ಹುಡುಗಿಯದು, ಎಲ್ಲ ಅಕ್ಕನ ವಚನಗಳು, ಅವಳ ಧ್ವನಿಗೆ ಅವಳದೇ ಶ್ರುತಿ. ಆಮೇಲೆ ಅವನ ಐದು. ಜನರ ಜೊತೆ ಮಾತಾಡುವುದು ಬೇಸ್ ನುಡಿಸುವವನ ಪಾಲಿಗೆ. ಹಾಡುಗಾರನ ಕಿವಿಗೆ ತಂತಿಯ ಇಯರ್‌ಫೋನು, ಅದಕ್ಕೊಂದು ಚಿಕ್ಕ ಮಿಕ್ಸರ್, ನಾವೇ ಹೊತ್ತುಕೊಂಡು ಹೋಗುತ್ತೇವೆ, ತನ್ನ ಧ್ವನಿ ತನಗೆ ಸ್ಪಷ್ಟವಾಗಿ ಕೇಳುತ್ತದೆ. ನಾನು ದಪ್ಪ ಕೋಲು ಬಿಟ್ಟೆ, ವಚನಗಳಿಗೆ ಸಣ್ಣ ಕಡ್ಡಿಗಳ ಕಟ್ಟಿನಿಂದ ಬಾರಿಸುತ್ತೇನೆ. ವಾರಕ್ಕೆ ಎರಡೇ ಕಾರ್ಯಕ್ರಮ, ನಡುವೆ ಎರಡು ದಿನ ಬಿಡುವು. ಕೊಯ್ಲಿನ ತಿಂಗಳಲ್ಲಿ ವಾರಕ್ಕೊಂದು. ಆಯೋಜಕರಿಗೆ ಮೊದಲೇ ಹೇಳುತ್ತೇವೆ, ಎಂಟು ಗಂಟೆ ಒಳಗೆ ವೇದಿಕೆ ಕೊಡಿ ಅಂತ. ಕೆಲವರು ಆಗಲ್ಲ ಅಂದಿದ್ದಾರೆ, ಬಿಟ್ಟಿದ್ದೇವೆ.

ಶ್ರುತಿ ಇಳಿಸುವುದು ಮಾತ್ರ ಅವನಿಗೆ ನೋವಾಯಿತು. ಕಪ್ಪು ಎರಡರಿಂದ ಬಿಳಿ ಒಂದಕ್ಕೆ, ಮೂರು ಮನೆ ಕೆಳಗೆ. ಅದೇ ಪಂಚಮ ಈಗ ಸೆಕೆಂಡಿಗೆ 392 ಕಂಪನ. ಇಳಿಸಿದರೆ ಹಾಡು ಸಾಯುತ್ತದೆ ಅಂತ ಅವನಿಗೆ ಭಯ. ಎರಡು ವಾರ ಒಪ್ಪಲೇ ಇಲ್ಲ. ಒಂದು ಸಂಜೆ ಡ್ರಮ್ಸ್, ಮೈಕ್ ಏನೂ ಇಲ್ಲದೆ, ಹಾರ್ಮೋನಿಯಂ ಒಂದನ್ನೇ ಇಟ್ಟುಕೊಂಡು ಬಿಳಿ ಒಂದರಲ್ಲಿ ಅಲ್ಲಮನ ವಚನ ಹಾಡಿದ. ಕೊನೆಯ ಸಾಲು ಬಂದಾಗ ಹೆಗಲು ಮೇಲಕ್ಕೆ ಹೋಗಲಿಲ್ಲ. ಮೇಲಿನ ಸ್ವರದಲ್ಲೂ ಮಾತು ಕೇಳಿಸುತ್ತಿತ್ತು, ಅಕ್ಷರ ಅಕ್ಷರ ಬಿಡಿಸಿದ ಹಾಗೆ. ಮೊದಲು ಅಲ್ಲಿ ಬರೀ ಏರು ಧ್ವನಿ ಕೇಳುತ್ತಿತ್ತು, ಅಲ್ಲಮ ಏನು ಹೇಳಿದ ಅಂತ ಕೇಳುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈಗಿನದೇ ಆ ಹಾಡಿನ ಸರಿಯಾದ ರೂಪ. ಹಳೆಯದೇ ಚೆನ್ನಾಗಿತ್ತು ಅನ್ನುವ ಕೇಳುಗರೂ ಇದ್ದಾರೆ.

2024ರ ಫೆಬ್ರವರಿ ಕೊನೆಗೆ ಶಿರಾಳಕೊಪ್ಪದ ಹತ್ತಿರ ಒಂದು ಊರಿನಲ್ಲಿ ಅವನು ಮತ್ತೆ ವೇದಿಕೆ ಹತ್ತಿದ. ಅಲ್ಲಿಂದ ಉಡುತಡಿಯೂ ದೂರವಿಲ್ಲ, ಬಳ್ಳಿಗಾವಿಯೂ ದೂರವಿಲ್ಲ. ಕೀಬೋರ್ಡಿನ ಹುಡುಗಿ ಅಕ್ಕನ ಐದು ವಚನ ಮುಗಿಸುವ ತನಕ ಅವನು ಕೆಳಗೆ, ಜನರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಿಸಿ ನೀರಿನ ಫ್ಲಾಸ್ಕ್ ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ದೊಡ್ಡಪ್ಪ. ಹೆಸರು ಕರೆದಾಗ ಎದ್ದು ಬಂದ. ಒಂಬತ್ತೂ ಇಪ್ಪತ್ತಕ್ಕೆ ಐದು ಹಾಡು ಮುಗಿದವು. ಇನ್ನೊಂದು ಅಂತ ಜನ ಕೂಗಿದರು. ಅವನು ತಿರುಗಿ ನನ್ನನ್ನು ನೋಡಿದ. ನಾನು ಕೋಲುಗಳನ್ನು ಕೆಳಗಿಟ್ಟೆ.

ಆ ರಾತ್ರಿ ಇನ್ನೊಂದು ಹಾಡಲಿಲ್ಲ. ಗಾಡಿಯಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ, ಅದೀಗ ನಮ್ಮ ಗಾಡಿಯ ನಿಯಮ. ಆರು ತಿಂಗಳಿಗೊಮ್ಮೆ ಗಂಟಲು ತೋರಿಸಿಕೊಂಡು ಬರುತ್ತಾನೆ. ಹೋದ ಸಲ ತೋರಿಸಿದಾಗ ಎಡಗಡೆಯ ಉಬ್ಬೂ ಇರಲಿಲ್ಲ.